ಕಣದ ಜಾಗ, ಗಟ್ಟಿ ನೆಲ

ಮನೆ ಕಟ್ಟುವ ಅಂದಾಜು ಪಟ್ಟಿಯಲ್ಲಿ ಕೊನೆಯ ಸಾಲಿಗೆ ಬಂದದ್ದನ್ನು ಸಾಮಾನ್ಯವಾಗಿ ಯಾರೂ ಕಟ್ಟುವುದಿಲ್ಲ. ಗಂಗಾಶ್ರೀಗೆ ಇದು ಕೆಲಸದಿಂದ ಗೊತ್ತಿತ್ತು. ಸಿವಿಲ್ ಡಿಪ್ಲೊಮಾ ಮುಗಿಸಿ ಶಿಕಾರಿಪುರದ ಒಬ್ಬ ಎಂಜಿನಿಯರ್ ಬಳಿ ನಾಲ್ಕು ವರ್ಷದಿಂದ ಪ್ಲಾನು ಬರೆಯುತ್ತ, ಅಂದಾಜು ಮಾಡುತ್ತ ಇದ್ದಳು. ಪಾಯಕ್ಕೆ ಹಣ ಇರುತ್ತದೆ, ಗೋಡೆಗೆ ಇರುತ್ತದೆ, ಆರ್‌ಸಿಸಿಗೆ ಹೇಗೋ ಹೊಂದಿಕೆಯಾಗುತ್ತದೆ. ಕೊನೆಯ ಸಾಲಿನ ಹೊತ್ತಿಗೆ ಎಲ್ಲರೂ ಆಮೇಲೆ ನೋಡೋಣ ಅನ್ನುತ್ತಾರೆ. ಹಾಗೆ ಆಮೇಲೆಗೆ ಬಿಟ್ಟ ಕಾಂಪೌಂಡುಗಳು, ಬಚ್ಚಲುಗಳು ತಾಲ್ಲೂಕಿನ ತುಂಬ ಇವೆ. ಮೆಟ್ಟಿಲು ಕಟ್ಟಲಾಗದೆ ಮಹಡಿಗೆ ಇವತ್ತಿಗೂ ಏಣಿ ಹಾಕಿಕೊಂಡು ಹತ್ತುವ ಒಂದು ಮನೆಗೆ ಅವಳೇ ಪ್ಲಾನು ಬರೆದಿದ್ದಳು.

ಈಗ ಅವಳ ಮನೆಯದೇ ಪಟ್ಟಿ. ಕೊನೆಯ ಸಾಲು: ರೊಟ್ಟಿ ಮನೆ, ಹತ್ತಕ್ಕೆ ಹನ್ನೆರಡು ಅಡಿ, ಮೂರು ಒಲೆ, ಶೀಟಿನ ಮಾಡು, ಒಂದು ಲಕ್ಷದ ಇಪ್ಪತ್ತು ಸಾವಿರ.

ಆ ಸಾಲಿಗಾಗಿಯೇ ಮನೆ ಕಟ್ಟಲು ಹೊರಟಿದ್ದು. ಅವಳ ಅವ್ವ ಶಕುಂತಲಮ್ಮ ಹದಿನಾಲ್ಕು ವರ್ಷದಿಂದ ಶಿಕಾರಿಪುರದ ಬಾಡಿಗೆ ಮನೆಯ ಹಿತ್ತಲಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಿದ್ದಳು. ದಿನಕ್ಕೆ ಐದುನೂರು ರೊಟ್ಟಿ, ಜೊತೆಗೆ ಇಬ್ಬರು ಹೆಂಗಸರು. ಹೊಗೆಗೆ ಗೋಡೆ ಕಪ್ಪಾಗುತ್ತದೆಂದು ಮನೆಯ ಮಾಲೀಕ ಯುಗಾದಿಯೊಳಗೆ ಖಾಲಿ ಮಾಡಲು ಹೇಳಿದ್ದ. ಬೇರೆ ಬಾಡಿಗೆ ಮನೆ ಹುಡುಕಿದರು. ಮೂರು ಒಲೆ ಹಾಕುತ್ತೇವೆ ಅಂದ ಕೂಡಲೇ ಯಾರೂ ಕೊಡಲಿಲ್ಲ. ಹೊಸ ಮನೆಯಲ್ಲಿ ರೊಟ್ಟಿ ಮನೆ ಇಲ್ಲವಾದರೆ ಅವ್ವನ ದುಡಿಮೆ ಯುಗಾದಿಗೆ ನಿಲ್ಲುತ್ತಿತ್ತು. ಇದರಲ್ಲಿ ಗೊಂದಲ ಏನೂ ಇರಲಿಲ್ಲ.

ಕೈಯಲ್ಲಿದ್ದುದು ಹದಿಮೂರು ಲಕ್ಷ. ಒಂಬತ್ತು ಅವ್ವನ ರೊಟ್ಟಿಯದು. ನಾಲ್ಕು, ಅಪ್ಪ ಗುರುಮಲ್ಲಪ್ಪ ತನ್ನ ಅಣ್ಣನ ಜೊತೆಗಿದ್ದ ಕಿರಾಣಿ ಅಂಗಡಿಯ ಪಾಲು ಬಿಟ್ಟುಕೊಟ್ಟದ್ದಕ್ಕೆ ಬಂದದ್ದು. ಸಾಲ ಮಾಡುವುದಿಲ್ಲ ಎಂದು ಅವ್ವ ಮೊದಲ ದಿನವೇ ಹೇಳಿದ್ದಳು. ಪಟ್ಟಿಯ ಮೊತ್ತ ಹನ್ನೆರಡು ಲಕ್ಷದ ತೊಂಬತ್ತಾರು ಸಾವಿರ. ಉಳಿಯುವುದು ನಾಲ್ಕು ಸಾವಿರ. ನಾಲ್ಕು ಸಾವಿರ ಕೈಯಲ್ಲಿಟ್ಟುಕೊಂಡು ಯಾರೂ ಮನೆ ಮುಗಿಸಿಲ್ಲ.

ರೊಟ್ಟಿ ಮನೆಯ ಮೇಲಿನ ಸಾಲು ಅಪ್ಪ ಹೇಳಿ ಬರೆಸಿದ್ದು: ಪೋರ್ಟಿಕೊ, ಎರಡು ದುಂಡು ಕಂಬ, ತೊಂಬತ್ತೈದು ಸಾವಿರ.

"ಕಾರಿಲ್ಲದೋರಿಗೆ ಪೋರ್ಟಿಕೊ ಎದಕಪ್ಪ?" ಎಂದು ಗಂಗಾಶ್ರೀ ಕೇಳಿದ್ದಳು.

"ಬಂದೋರು ಚಪ್ಪಲಿ ಬಿಡಾಕ."

"ಚಪ್ಪಲಿ ಬಿಡಾಕ ತೊಂಬತ್ತೈದು ಸಾವಿರನಾ?"

"ನಿಮ್ಮವ್ವ ರೊಟ್ಟಿ ಬಡಿಯಾಕ ಒಂದು ಲಕ್ಷದ ಇಪ್ಪತ್ತು. ನಾ ಏನರ ಅಂದ್ನಾ?"

ಅಪ್ಪನ ಅಣ್ಣನ ಮನೆಗೆ ದುಂಡು ಕಂಬ ಇದ್ದವು. ಅಪ್ಪ ಅದನ್ನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಸಾಲು ಹಾಗೇ ಉಳಿಯಿತು.

ಜಾಗ ಇದ್ದುದು ಶಿಕಾರಿಪುರದಿಂದ ಒಂಬತ್ತು ಕಿಲೋಮೀಟರು ದೂರದ, ಅಂಜನಾಪುರದ ಕಾಲುವೆ ನೀರು ಹತ್ತದ ಮಗ್ಗುಲಿನ ಒಂದು ಹಳ್ಳಿಯಲ್ಲಿ. ನಲವತ್ತು ಅರವತ್ತು ಅಡಿ ಸೈಟು. ಆರು ವರ್ಷದ ಹಿಂದೆ ಅದನ್ನೇ ಕೊಳ್ಳಲು ಅಪ್ಪ ಕೊಟ್ಟ ಕಾರಣ ಒಂದೇ. ಅದು ಹಳೆಯ ಕಣ. ತಲೆಮಾರುಗಟ್ಟಲೆ ನೀರು ಚಿಮುಕಿಸಿ, ಸಗಣಿ ಬಳಿದು, ಎತ್ತು ಕಟ್ಟಿ ರೋಣಗಲ್ಲು ಉರುಳಿಸಿ ಜೋಳ ಒಕ್ಕಿದ ನೆಲ. ಕಣದ ಜಾಗ, ಗಟ್ಟಿ ನೆಲ ಎನ್ನುವುದು ಆ ಕಡೆ ಮಾರುವವರೂ ಕೊಳ್ಳುವವರೂ ಒಟ್ಟಿಗೇ ಹೇಳುವ ಮಾತು. ಗಂಗಾಶ್ರೀ ಕೂಡ ಅದನ್ನು ಕೇಳಿಕೊಂಡೇ ಬೆಳೆದವಳು.

ಕಟ್ಟಲು ಒಪ್ಪಿಕೊಂಡವನು ಸೊರಬದ ಉಳವಿಯ ಮೇಸ್ತ್ರಿ ಚೌಡಪ್ಪ. ಎರಡು ವರ್ಷದ ಹಿಂದೆ ಹೊಸಬಾಳೆಯಲ್ಲಿ ಇವಳ ಆಫೀಸಿನ ಪ್ಲಾನಿಗೆ ಒಂದು ಮನೆ ಕಟ್ಟಿ, ಅಂದಾಜಿಗಿಂತ ಹನ್ನೊಂದು ಸಾವಿರ ಕಡಿಮೆಯಲ್ಲಿ ಮುಗಿಸಿದ್ದ. ಅಂಥದ್ದನ್ನು ಗಂಗಾಶ್ರೀ ಅದಕ್ಕೆ ಮೊದಲು ನೋಡಿರಲಿಲ್ಲ. ಆ ಮನೆಯ ಲೆಕ್ಕವನ್ನೇ ಎದುರಿಗಿಟ್ಟುಕೊಂಡು ತನ್ನ ಪಟ್ಟಿ ಬರೆದಿದ್ದಳು. ಇಟ್ಟಿಗೆಯ ಬದಲು ಸೊರಬದ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು, ಹೊರಗೋಡೆಗೆ ಗಿಲಾವು ಇಲ್ಲ, ಬಣ್ಣ ಇಲ್ಲ. ಲಾರಿ ಬಾಡಿಗೆ ಕೊಟ್ಟರೂ ಉಳಿಯುತ್ತಿತ್ತು.

ಚೌಡಪ್ಪ ಬಂದು ನೆಲಕ್ಕೆ ಎರಡು ಕಡೆ ಹಾರೆ ಹಾಕಿ ನೋಡಿದ. ಕೈ ಜುಮ್ಮೆಂದು ಹಾರೆ ಕೆಳಗಿಟ್ಟ.

"ಎಂತ ಮಾರಾಯ್ರೆ ಇದು, ನೆಲವೋ ಬಂಡೆಯೋ? ಹೊಸಬಾಳೇಲಿ ಎರಡೂವರೆ ಅಡಿ ಹೋದ್ಮೇಲೆ ಗಟ್ಟಿ ಸಿಕ್ತು. ಇಲ್ಲಿ ಮೇಲೇ ಸಿಕ್ತದಲ್ಲ. ನಾಲ್ಕಡಿ ಪಾಯ ಎಂತಕ್ಕೆ? ಎರಡೂವರೆ ಸಾಕು."

ಅದರಿಂದ ಮೂವತ್ತೈದು ಸಾವಿರ ಇಳಿಯಿತು. ಪಟ್ಟಿಯಲ್ಲಿ ಮಣ್ಣು ಪರೀಕ್ಷೆ ಎಂಬ ಸಾಲೂ ಇತ್ತು, ಆರು ಸಾವಿರ. ಗಂಗಾಶ್ರೀ ಅದನ್ನು ಹೊಡೆದು ಪಕ್ಕದಲ್ಲಿ 'ಬೇಡ' ಎಂದು ಬರೆದಳು. ನಲವತ್ತೊಂದು ಸಾವಿರ ಉಳಿಯಿತು. ಹಳೆಯ ನಾಲ್ಕು ಸೇರಿ ನಲವತ್ತೈದು. ಅವತ್ತು ಅವ್ವನಿಗೆ, ನಿನ್ನ ರೊಟ್ಟಿ ಮನೆ ಈಗ ಯಾರೂ ಮುಟ್ಟೋ ಹಾಗಿಲ್ಲ ಎಂದು ಹೇಳಿದಳು.

ಸೈಟಿನ ಎದುರು, ರಸ್ತೆಯ ಆಚೆ ಅಕ್ಕನಾಗಮ್ಮನ ಮನೆ. ಎಂಬತ್ತು ದಾಟಿದವಳು, ಸೊಸೆಯ ಜೊತೆ ಇದ್ದಳು. ಮುಳ್ಳುಕಂಟಿ ಕಡಿಸಲು ಬಂದ ದಿನ ಕೋಲು ಊರಿಕೊಂಡು ರಸ್ತೆ ದಾಟಿ ಬಂದು, "ಈ ಕಣ ನಮ್ದಿದ್ದಾಗ," ಎಂದು ಶುರು ಮಾಡಿದಳು.

"ಈಗ ನಿಮ್ದಲ್ಲಲ್ರಿ," ಎಂದು ಅಪ್ಪ ಅಲ್ಲಿಗೇ ಮುಗಿಸಿದ. ಸೈಟಿನ ಬಳಿ ನಿಂತು ನಮ್ಮದಿದ್ದಾಗ ಎನ್ನುವವರ ಮಾತು ಯಾವ ಕಡೆ ಹೋಗುತ್ತದೆ ಎಂಬುದು ಅಂಗಡಿಯ ಪಾಲು ಮಾಡಿಕೊಂಡವನಿಗೆ ಚೆನ್ನಾಗಿ ಗೊತ್ತಿತ್ತು.

ಗುದ್ದಲಿ ಪೂಜೆಯ ದಿನ ಮತ್ತೆ ಬಂದಳು. ಮತ್ತೆ ಅದೇ ಮಾತು. ಈ ಸಲ ಗಂಗಾಶ್ರೀಯೇ ಬ್ಯಾಗಿನಿಂದ ಪತ್ರದ ಜೆರಾಕ್ಸ್ ತೆಗೆದು ತೋರಿಸಿದಳು.

"ಅಜ್ಜಿ, ಪತ್ರ, ಈ-ಸ್ವತ್ತು ಎಲ್ಲಾ ನೋಡೇ ತಗೊಂಡೀವಿ. ಪಾಲು ಗೀಲು ಅಂತ ಬಂದ್ರ ಸುಮ್ನ ತಕರಾರು ಆಗ್ತೈತಿ. ನಿಮಗೂ ಚಂದಲ್ಲ."

ಅಕ್ಕನಾಗಮ್ಮ ಕಾಗದವನ್ನು ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. "ಪತ್ರದಾಗ ಮ್ಯಾಲಿಂದು ಬರೀತಾರ," ಎಂದಳು. "ಕೆಳಗಿಂದು ಯಾರು ಬರೀತಾರ ತಂಗಿ?" ಇದನ್ನು ಗಂಗಾಶ್ರೀ ಮುದುಕಿಯ ಗೊಣಗು ಎಂದುಕೊಂಡಳು. ಕೊಬ್ಬರಿ ಸಕ್ಕರೆ ಹಂಚುವಾಗ ಅವಳಿಗೆ ಕೊಡಲು ಯಾರಿಗೂ ನೆನಪಾಗಲಿಲ್ಲ. ಶಕುಂತಲಮ್ಮ ನೋಡಿದಳು, ಆದರೆ ಅಷ್ಟು ಹೊತ್ತಿಗೆ ಮುದುಕಿ ರಸ್ತೆ ದಾಟಿ ಹೋಗಿದ್ದಳು.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಪಾಯ ತೋಡಲು ಜೆಸಿಬಿ ಬರುವುದಿತ್ತು. ಚೌಡಪ್ಪ ಎಂಟಕ್ಕೇ ಬಂದು ದಾರ ಕಟ್ಟಿ, ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ ಮುಗಿಸಿದ್ದ. ರಸ್ತೆಯಿಂದ ಐದಡಿ ಬಿಟ್ಟು ಪೋರ್ಟಿಕೊ, ಅದರ ಹಿಂದೆ ಇಪ್ಪತ್ತೈದು ಅಡಿ ಅಗಲ ಮೂವತ್ತಮೂರು ಅಡಿ ಉದ್ದದ ಮನೆ, ಹಿತ್ತಲಲ್ಲಿ ರೊಟ್ಟಿ ಮನೆ. ಶಕುಂತಲಮ್ಮ ಹಿತ್ತಲಿನ ಗೆರೆಯೊಳಗೆ ನಿಂತು ಒಲೆಗಳು ಎಲ್ಲೆಲ್ಲಿ ಎಂದು ಕಾಲಿನಿಂದ ಗುರುತು ಮಾಡುತ್ತಿದ್ದಳು.

ಆಗ ಅಕ್ಕನಾಗಮ್ಮ ಮನೆಯಿಂದ ಹೊರಬಂದಳು. ಕೈಯಲ್ಲಿ ಕೋಲಿರಲಿಲ್ಲ. ಹೆಗಲ ಮೇಲೆ ಒನಕೆ ಇತ್ತು.

ಗುರುಮಲ್ಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಏ ಚೌಡಪ್ಪ, ಮುದುಕಿ ಒನಕಿ ತಗೊಂಡು ಬಂದ್ಲು ನೋಡು."

"ನನ್ನ ಮೇಲೆ ಎಂತಕ್ಕೆ ಬರ್ತಾಳೆ? ಸೈಟು ನಿಮ್ದು," ಎಂದ ಚೌಡಪ್ಪ. ಅವನೂ ಸರಿದ.

ಅವಳು ಯಾರನ್ನೂ ಮಾತಾಡಿಸಲಿಲ್ಲ. ಪೋರ್ಟಿಕೊದ ಗೆರೆಯ ಬಳಿ ನಿಂತು, ಒನಕೆಯನ್ನು ಎರಡು ಕೈಯಲ್ಲಿ ಎತ್ತಿ ನೆಲಕ್ಕೆ ಕುಟ್ಟಿದಳು. ಕಲ್ಲಿಗೆ ಬಡಿದಂತೆ ಸದ್ದಾಯಿತು. ಒಂದು ಹೆಜ್ಜೆ ಮುಂದೆ ಹೋಗಿ ಕುಟ್ಟಿದಳು. ಅದೇ ಸದ್ದು. ಇನ್ನೊಂದು ಹೆಜ್ಜೆ. ಈ ಸಲ ಸದ್ದು ಬೇರೆ ಬಂತು, ಮುಚ್ಚಿದ ಹಂಡೆಯ ಮೇಲೆ ಬಡಿದ ಹಾಗೆ. ರಸ್ತೆಯಲ್ಲಿ ಹೋಗುತ್ತಿದ್ದವರೂ ತಿರುಗಿ ನೋಡಿದರು. ಅವಳು ಸುಣ್ಣದ ಪುಡಿಯನ್ನು ಕಾಲಿನಿಂದ ಎಳೆದು ಅಲ್ಲಿ ಒಂದು ಗುರುತು ಮಾಡಿದಳು. ಮುಂದೆ ಹೋದಳು. ನಡುಮನೆಯ ಮುಂದಿನ ಗೋಡೆ ಬರುವಲ್ಲಿ ಇನ್ನೊಂದು. ರಸ್ತೆಯ ಅಂಚಿಗೆ ಮೂರನೆಯದು. ಒನಕೆಯನ್ನು ನೆಲಕ್ಕೂರಿ ಉಸಿರು ಬಿಟ್ಟಳು.

"ಏನ್ರಿ ಅಜ್ಜಿ ಇದು?" ಎಂದು ಗಂಗಾಶ್ರೀ ಕೇಳಿದಳು.

"ಈಗ ಕೇಳ್ತೀಯಲ್ಲ," ಎಂದಳು ಅಕ್ಕನಾಗಮ್ಮ. "ಹಗೇವು."

ಚೌಡಪ್ಪನಿಗೆ ಆ ಪದ ಗೊತ್ತಿರಲಿಲ್ಲ. "ಹಂಗಂದ್ರೆ?"

"ಜ್ವಾಳ ಇಡೋ ಗುಂಡಿ. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ನಿಮ್ಮ ಕಡಿ ಇಲ್ಲನು?"

"ನಮ್ಮ ಕಡೆ ಪಣತ. ಹಲಗೇದು, ಮನೆ ಒಳಗೆ ನೆಲದ ಮೇಲೇ ಇರ್ತದೆ. ನಮ್ಮ ಮಳೇಲಿ ಭತ್ತ ಮಣ್ಣಲ್ಲಿ ಹುಗಿದ್ರೆ ಅಲ್ಲೇ ಮೊಳಕೆ ಬರ್ತದೆ."

"ಇಲ್ಲಿ ಬರಲ್ಲ. ಮೂರು ವರ್ಷ ಇಟ್ರೂ ಕೆಡ್ತಿದ್ದಿಲ್ಲ." ಅವಳು ಗುರುತುಗಳ ಕಡೆ ಒನಕೆ ತೋರಿಸಿದಳು. "ಎರಡು ನಮ್ಮ ಮಾವಂದು, ಒಂದು ಅವರ ತಮ್ಮಂದು. ಜ್ವಾಳ ತುಂಬಿ, ಬಾಯಿಕಲ್ಲು ಇಟ್ಟು, ಮ್ಯಾಲೆ ಮಣ್ಣು ಹಾಕಿ, ಸಗಣಿ ಬಳಿದು ಕಣ ಮಾಡ್ತಿದ್ವಿ. ಕಳ್ರಿಗೂ ತಿಳೀಬಾರ್ದು, ಲೆವಿ ಜ್ವಾಳ ಕೇಳಾಕ ಬರೋ ಸರ್ಕಾರದೋರಿಗೂ ತಿಳೀಬಾರ್ದು. ಒಂದೊಂದು ಸಲ ನಮಗೇ ಬಾಯಿ ಎಲ್ಲೈತಿ ಅಂತ ಮರ್ತು ಹೋಗೋದು. ಆಗ ಒನಕಿ."

"ನೆಲ ಇಷ್ಟು ಗಟ್ಟಿ ಐತಲ್ರಿ," ಎಂದ ಗುರುಮಲ್ಲಪ್ಪ. ಅವನಿನ್ನೂ ಆರು ವರ್ಷದ ಹಿಂದಿನ ಮಾತಿನಲ್ಲೇ ಇದ್ದ.

"ಕೆಳಗ ಖಾಲಿ ಐತಿ ಅಂತ ಕಾಲಿಗೆ ಗೊತ್ತಾಗಬಾರ್ದು ಅಂತನ ಅಷ್ಟು ಗಟ್ಟಿ ಮಾಡಿದ್ದು."

ಗಂಗಾಶ್ರೀ ನಾಲ್ಕು ವರ್ಷದಲ್ಲಿ ಕೇಳಿದ ಕಟ್ಟಡದ ಮಾತುಗಳಲ್ಲಿ ಇಷ್ಟು ಸರಿಯಾದದ್ದು ಇನ್ನೊಂದಿರಲಿಲ್ಲ. ಮೇಲೆ ಗಟ್ಟಿಯಿದೆ ಎಂದು ಪಾಯ ಕಡಿಮೆ ಮಾಡಿ, ಪರೀಕ್ಷೆಯ ಸಾಲು ಹೊಡೆದು, ಹಣ ಉಳಿಸಿದೆನೆಂದು ಅವ್ವನಿಗೆ ಹೇಳಿದ್ದಳು. ಪಟ್ಟಿಯಲ್ಲಿ ಅವಳು ಮಾಡಿದ್ದ ಅತಿ ದೊಡ್ಡ ಉಳಿತಾಯವೇ ಅತಿ ದೊಡ್ಡ ತಪ್ಪಾಗಿತ್ತು.

ಅಷ್ಟರಲ್ಲಿ ಜೆಸಿಬಿ ರಸ್ತೆಯ ತಿರುವಿನಲ್ಲಿ ಕಾಣಿಸಿತು. ಚೌಡಪ್ಪ ಎರಡೂ ಕೈ ಮೇಲೆತ್ತಿ ಓಡಿದ. ಡ್ರೈವರ್ ರಸ್ತೆಯಲ್ಲೇ ನಿಲ್ಲಿಸಿ ಇಳಿದು ಬಂದ. ಚೌಡಪ್ಪನ ಇಬ್ಬರು ಆಳುಗಳು ಮೊದಲ ಗುರುತಿನ ಮೇಲೆ ಗುದ್ದಲಿ ಹಾಕಿದರು. ಒಂದೂವರೆ ಅಡಿ ಕೆಳಗೆ ಚಪ್ಪಡಿ ಸಿಕ್ಕಿತು, ನಡುವೆ ತಗ್ಗಾದ, ಊಟದ ತಟ್ಟೆಗಿಂತ ಮೂರು ಪಟ್ಟು ಅಗಲದ ಕರಿಕಲ್ಲು. ನಾಲ್ಕು ಜನ ಹಾರೆ ಕೊಟ್ಟು ಸರಿಸಿದರು. ಕೆಳಗೆ ಕತ್ತಲೆ, ಹುಳಿ ವಾಸನೆ. ಚೌಡಪ್ಪ ಟೇಪಿಗೆ ಕಲ್ಲು ಕಟ್ಟಿ ಬಿಟ್ಟ. ಒಂಬತ್ತು ಅಡಿ.

"ನನ್ನ ಗಾಡಿ ಎಂಟು ಟನ್ ಐತ್ರಿ," ಎಂದ ಜೆಸಿಬಿಯವನು, ಯಾರಿಗೆಂದಿಲ್ಲದೆ.

ಅಗಲ ಎಷ್ಟಿದೆ ನೋಡಬೇಕೆಂದು ಚೌಡಪ್ಪ ಏಣಿ ತರಿಸಿದ. ಏಣಿ ಇಳಿಬಿಟ್ಟು ಒಂದು ಕಾಲು ಒಳಗೆ ಇಟ್ಟಿದ್ದ, ಅಕ್ಕನಾಗಮ್ಮ ಒನಕೆಯನ್ನು ಗುಂಡಿಯ ಬಾಯಿಗೆ ಅಡ್ಡ ಹಾಕಿ ಅವನ ಅಂಗಿ ಹಿಡಿದಳು.

"ಇಳಿದ್ರ ಮ್ಯಾಲೆ ಬರಲ್ಲ ನೀನು. ದೀಪ ತರ್ರಿ."

ಅವಳ ಸೊಸೆ ಹಣತೆ ಹಚ್ಚಿ ತಂದಳು. ಬಕೀಟಿನಲ್ಲಿಟ್ಟು ಹಗ್ಗದಲ್ಲಿ ಇಳಿಬಿಟ್ಟರು. ಒಂದಾಳಿನ ಆಳಕ್ಕೆ ಹೋಗುವಷ್ಟರಲ್ಲಿ ದೀಪ ಆರಿತು. ಗಾಳಿಗೆ ಇರಬಹುದೆಂದು ಮತ್ತೆ ಹಚ್ಚಿ ಬಿಟ್ಟರು. ಅಷ್ಟೇ ಆಳಕ್ಕೆ ಮತ್ತೆ ಆರಿತು. ಗಾಳಿ ಎಲ್ಲೂ ಇರಲಿಲ್ಲ.

ಚೌಡಪ್ಪ ಏಣಿಯಿಂದ ಕಾಲು ತೆಗೆದು ಮಣ್ಣಿನ ಗುಡ್ಡೆಯ ಮೇಲೆ ಕೂತ. "ನಮ್ಮನೇಲಿ ಎರಡು ಸಣ್ಣ ಮಕ್ಳಿದಾವೆ ಅಜ್ಜಿ," ಎಂದ.

"ಇರ್ಲಿ. ನಾಳಿ ಈ ಹೊತ್ತಿಗೆ ಇಳಿ. ಗಾಳಿ ಆಡ್ಲಿ."

ಜೆಸಿಬಿಯವನು ಬಂದು ಹೋದದ್ದಕ್ಕೆ ಒಂದೂವರೆ ಸಾವಿರ ತೆಗೆದುಕೊಂಡು ಹೋದ. ಗಂಗಾಶ್ರೀ ಅದನ್ನು ಪಟ್ಟಿಗೆ ಸೇರಿಸಿದಳು. ಆಮೇಲೆ ಎಲ್ಲರೂ ಅಕ್ಕನಾಗಮ್ಮನ ಕಟ್ಟೆಯ ಮೇಲೆ ಕೂತರು, ಬೇರೆ ನೆರಳು ಇರಲಿಲ್ಲ. ಸೊಸೆ ಚಾ ಕೊಟ್ಟಳು.

ಗಂಗಾಶ್ರೀ ಎದುರಿಗಿದ್ದ ದಾರಿಗಳನ್ನು ಹೇಳಿದಳು. ಮೂರೂ ಗುಂಡಿ ತುಂಬಿಸಿ, ಅವುಗಳ ಮೇಲೆ ಹಾಯುವಂತೆ ಕಬ್ಬಿಣ ಹಾಕಿ ಕಾಂಕ್ರೀಟ್ ಬೆಲ್ಟ್ ಕಟ್ಟಬಹುದು. ಒಂದು ಲಕ್ಷದ ನಲವತ್ತು ಸಾವಿರ ಆಗುತ್ತದೆ. ಕೈಯಲ್ಲಿ ಇರುವುದು ನಲವತ್ತೈದು. ಇಲ್ಲವೇ ಇಡೀ ಮನೆಯನ್ನು ಹಗೇವುಗಳಿಂದಾಚೆಗೆ, ಹಿಂದಕ್ಕೆ ಸರಿಸಬಹುದು. ಆಗ ಹಿತ್ತಲು ಏಳಡಿ ಉಳಿಯುತ್ತದೆ, ಹಿಂದೆ ರೊಟ್ಟಿ ಮನೆಗೆ ಜಾಗ ಇಲ್ಲ. ಮುಂದೆ ಪೋರ್ಟಿಕೊ ಕಂಬ ಇಳಿಸುವಂತಿಲ್ಲ.

"ಮೊದಲ್ನೇದು ಮಾಡು," ಎಂದ ಗುರುಮಲ್ಲಪ್ಪ. "ಮನಿ ಎದುರು ಚಂದ ಇರ್ಬೇಕು. ರೊಟ್ಟಿ ಮನಿ ಆಮ್ಯಾಲೆ ನೋಡಾಣ."

ಶಕುಂತಲಮ್ಮ ಚಾ ಲೋಟ ಕೆಳಗಿಟ್ಟಳು.

"ಮುಂದ ಏನು ಕಟ್ತಿ?" ಎಂದು ಅಕ್ಕನಾಗಮ್ಮ ಗುರುಮಲ್ಲಪ್ಪನನ್ನು ಕೇಳಿದಳು.

"ಪೋರ್ಟಿಕೊ. ಎರಡು ಕಂಬ."

"ಕಂಬ ಎದಕ? ಕಟ್ಟಾಕ ಎತ್ತು ಅದಾವನು?"

"ಕಾರು ನಿಲ್ಸಾಕ್ರಿ."

"ಕಾರು ಐತನು?"

"ಬರ್ತೈತಿ ಮುಂದ."

"ಬಂದಾಗ ನಮ್ಮ ಮಾವನ ಹಗೇವಿನ್ಯಾಗ ಇಳಿಸು. ಕಳ್ರಿಗೆ ತಿಳಿಯಲ್ಲ."

ಚೌಡಪ್ಪ ನಗು ತಡೆಯಲು ಚಾ ಲೋಟ ಬಾಯಿಗೆ ಹಿಡಿದ. ಗುರುಮಲ್ಲಪ್ಪ ಎದ್ದು ರಸ್ತೆ ದಾಟಿ ಗುಂಡಿಯ ಬಳಿ ಹೋಗಿ ನಿಂತ. ಸಿಟ್ಟಾದನೆಂದು ಎಲ್ಲರೂ ಅಂದುಕೊಂಡರು. ಅವನು ಬಗ್ಗಿ ಒಳಗೆ ನೋಡಿದ, ಉಳಿದ ಸುಣ್ಣದ ಗೆರೆಯನ್ನು ನೋಡಿದ, ಮಗಳನ್ನು ಕರೆದ.

"ಬಲಗಡಿ ಕಂಬ ಎಲ್ಲಿ ಬರ್ತಿತ್ತು?"

ಗಂಗಾಶ್ರೀ ಗುಂಡಿಯ ಬಾಯನ್ನೇ ತೋರಿಸಿದಳು. ಸುಳ್ಳು ಹೇಳುವ ಅಗತ್ಯ ಇರಲಿಲ್ಲ, ಅದು ಅಲ್ಲೇ ಬರುತ್ತಿತ್ತು.

"ಹೊಡಿ ಆ ಸಾಲು," ಎಂದ.

ಪಟ್ಟಿಯಲ್ಲಿ ಒಂದು ಸಾಲು ಹೋದ ಮೇಲೆ ಉಳಿದವು ಹೊಂದಿಕೊಂಡವು. ಮನೆಯನ್ನು ಹಿಂದಕ್ಕೆ ಒಯ್ದು, ನಡುವೆ ಇಡುವ ಬದಲು ಎಡಕ್ಕೆ ಸರಿಸಿದರೆ ಬಲಗಡೆ ಹನ್ನೆರಡು ಅಡಿ ಸಿಗುತ್ತಿತ್ತು. ಬೇಲಿಯ ಕಡೆ ಮೂರಡಿ ಬಿಟ್ಟು, ಒಂಬತ್ತು ಅಡಿ ಅಗಲ ಹದಿಮೂರು ಅಡಿ ಉದ್ದದ ರೊಟ್ಟಿ ಮನೆ ಅಲ್ಲೇ ಬಂತು. ಮನೆಯ ಗೋಡೆಯೇ ಅದಕ್ಕೆ ಒಂದು ಗೋಡೆ. ಮೂರೇ ಕಟ್ಟಿದರೆ ಸಾಕು, ಇಪ್ಪತ್ತೆರಡು ಸಾವಿರ ಉಳಿತಾಯ. ಪಾಯ ಮತ್ತೆ ನಾಲ್ಕಡಿಗೆ ಇಳಿಯಿತು, ಮೂವತ್ತೈದು ಸಾವಿರ ವಾಪಸ್ ಹೋಯಿತು. ಪೋರ್ಟಿಕೊದ ತೊಂಬತ್ತೈದು ಅದನ್ನು ನುಂಗಿಕೊಂಡೂ ಉಳಿಯಿತು. ಎರಡು ಹಗೇವಿಗೆ ಮಣ್ಣು ತುಂಬುವುದು, ಒಂದನ್ನು ನೀರಿನ ಸಂಪು ಮಾಡುವುದು ಎಂದಾಯಿತು. ಸಂಪಿಗೆ ತೋಡುವ ಕೂಲಿ ತಪ್ಪಿತು. ಎಲ್ಲ ಕೂಡಿ ಕಳೆದು ನೋಡಿದಾಗ ಮೊತ್ತ ಹನ್ನೆರಡು ಲಕ್ಷದ ಒಳಗೆ ಇತ್ತು. ಗಂಗಾಶ್ರೀ ಎರಡು ಸಲ ಕೂಡಿದಳು. ಆಮೇಲೆ ಹೊಸ ಹಾಳೆ ತೆಗೆದು, ರೊಟ್ಟಿ ಮನೆಯನ್ನು ಮೊದಲ ಸಾಲಿಗೆ ಬರೆದಳು.

ಮುಗಿಸಿ ಅಕ್ಕನಾಗಮ್ಮನ ಕಡೆ ತಿರುಗಿದಳು. "ಅಜ್ಜಿ, ಅವತ್ತು ನಾ ಮಾತಾಡಿದ್ದು ತಪ್ಪಾತು."

"ಹೌದು, ತಪ್ಪು," ಎಂದಳು ಅಕ್ಕನಾಗಮ್ಮ. "ಪಾಲು ಕೇಳಾಕ ಬಂದೀನಿ ಅನ್ಕಂಡೆ."

"ಹೌದ್ರಿ."

"ನನ್ನ ಗಂಡ, ಮೈದುನ ಕೂಡಿ ಮಾರಿದ್ರು. ಆ ರೊಕ್ಕ ಉಂಡು ಮುಗ್ದೈತಿ. ಈ ವಯಸ್ಸಿನ್ಯಾಗ ಪಾಲು ತಗೊಂಡು ಎಲ್ಲಿ ಇಡ್ಲಿ? ಹಗೇವಿನ್ಯಾಗ?"

"ಅಷ್ಟು ಅನ್ಸಿಕೊಂಡ ಮ್ಯಾಲೂ ಇವತ್ತು ಬಂದ್ರಲ್ಲ."

"ಮತ್ತ? ನಿಮ್ಮ ಮನಿ ಕುಸಿದ್ರ ಎದುರಿಗೆ ಕುಂತು ದಿನಾ ನೋಡಾಕಿ ನಾನು."

ಗಂಗಾಶ್ರೀಗೆ ಗೊತ್ತಿದ್ದುದು ಲೆಕ್ಕ ಮಾತ್ರ. "ಈ ಕೆಲಸಕ್ಕ ಪ್ಯಾಟಿಯಿಂದ ಬರೋರು ಆರು ಸಾವಿರ ತಗೊಂತಾರ ಅಜ್ಜಿ. ಅದು ನಿಮಗ ಸೇರಬೇಕು," ಎಂದಳು.

"ಯಾವ ಕೆಲಸಕ್ಕ?"

"ನೆಲ ನೋಡಾಕ."

"ನೆಲ ನೋಡಾಕ ರೊಕ್ಕ ಕೊಡ್ತಾರನು?" ಅಕ್ಕನಾಗಮ್ಮ ಸೊಸೆಯ ಮುಖ ನೋಡಿದಳು. ಇಬ್ಬರೂ ನಕ್ಕರು. "ರೊಕ್ಕ ಬ್ಯಾಡ. ಆ ಬಾಯಿಕಲ್ಲು ಕೊಡು. ನಡುವ ತಗ್ಗೈತಿ, ಬಟ್ಟಿ ಒಗಿಯಾಕ ಚಲೋ."

ಮರುದಿನ ದೀಪ ಆರಲಿಲ್ಲ. ಚೌಡಪ್ಪ ಇಳಿದು ಅಳತೆ ತೆಗೆದು, ಒಂದು ಹಿಡಿ ಕಪ್ಪಗಾದ ಹೊಟ್ಟು ತಂದು ಮುದುಕಿಯ ಕೈಗಿಟ್ಟ. ಅವಳು ಮೂಸಿ ನೋಡಿದಳು. ಮದುವೆಯಾಗಿ ಬಂದ ವರ್ಷ, ಮೈ ಸಣ್ಣಗಿದೆ ಎಂದು ತನ್ನನ್ನೇ ಸೊಂಟಕ್ಕೆ ಹಗ್ಗ ಕಟ್ಟಿ ಒಳಗೆ ಇಳಿಸುತ್ತಿದ್ದರೆಂದು ಹೇಳಿ, ಹೊಟ್ಟನ್ನು ತಿಪ್ಪೆಗೆ ಎಸೆದು ಕೈ ತೊಳೆದುಕೊಂಡಳು. ಆಮೇಲೆ ಕಲ್ಲು ಸಾಗಿಸುವ ಕೆಲಸ ಶುರುವಾಯಿತು. ರಸ್ತೆ ದಾಟಿಸಲು ಟ್ರ್ಯಾಕ್ಟರಿಗೆ ಆರುನೂರು. ಅವಳ ಹಿತ್ತಲಲ್ಲಿ ಅದನ್ನು ಕೂರಿಸಿದವನು ಚೌಡಪ್ಪ, ಕೂಲಿ ಬೇಡವೆಂದ. ಅಕ್ಕನಾಗಮ್ಮ ಮೂರು ಸಲ ಸರಿಸಿಸಿದಳು. ಒಮ್ಮೆ ಬಿಸಿಲು ಕಣ್ಣಿಗೆ ಬರುತ್ತದೆಂದು, ಒಮ್ಮೆ ನೀರು ಕರಿಬೇವಿನ ಗಿಡದ ಕಡೆ ಹೋಗುವುದಿಲ್ಲವೆಂದು, ಒಮ್ಮೆ ಸುಮ್ಮನೆ.

"ಪುಣ್ಯಾತ್ಗಿತ್ತಿ, ಮನೆ ಪಾಯಕ್ಕೂ ನಾನು ಇಷ್ಟು ಮಟ್ಟ ಹಿಡ್ದಿಲ್ಲ," ಎಂದ ಚೌಡಪ್ಪ.

"ಅದಕ್ಕ ಹಗೇವಿನ ಮ್ಯಾಲೆ ಗೆರಿ ಹೊಡ್ದಿದ್ದಿ," ಎಂದಳು ಅವಳು.

ಅವನು ನಾಲ್ಕನೆಯ ಸಲವೂ ಸರಿಸಲು ಸಿದ್ಧನಿದ್ದ. ಮುಂದಿನ ವಾರ ಉಳವಿಯಿಂದ ಬರುವಾಗ ಒಂದು ಭರಣಿ ಮಾವಿನಮಿಡಿ ಉಪ್ಪಿನಕಾಯಿ ತಂದು ಅವಳ ಕಟ್ಟೆಯ ಮೇಲಿಟ್ಟು ಕೆಲಸಕ್ಕೆ ಹೋದ. ಉಪ್ಪು ಜಾಸ್ತಿ ಎಂಬ ದೂರು ಮಧ್ಯಾಹ್ನಕ್ಕೇ ಬಂತು.

ಮನೆ ಎದ್ದಿತು. ಅಂದಾಜು ಎಲ್ಲ ಕಡೆ ನಿಲ್ಲಲಿಲ್ಲ. ಕಬ್ಬಿಣದ ದರ ಏರಿತು, ಎರಡು ಲೋಡು ಎಂ ಸ್ಯಾಂಡ್ ಹೆಚ್ಚು ಹಿಡಿಯಿತು, ಬಾಗಿಲಿನ ಬಡಗಿ ಹದಿನೈದು ದಿನ ತಡ ಮಾಡಿದ. ಕೊನೆಗೆ ಹನ್ನೆರಡು ಲಕ್ಷದ ಎಪ್ಪತ್ತೊಂದು ಸಾವಿರಕ್ಕೆ ನಿಂತಿತು. ಒಳಗೆ ಒಂದೇ ಕೋಟು ಸುಣ್ಣ, ಹೊರಗೆ ಕೆಂಪು ಕಲ್ಲು ಹಾಗೇ. ನೋಡಲು ಬಂದ ಅಪ್ಪನ ಅಣ್ಣ, ಗಿಲಾವು ಯಾವಾಗ ಮಾಡಿಸ್ತೀ ಎಂದು ಕೇಳಿದ. ಗುರುಮಲ್ಲಪ್ಪ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಸಂಪಿನ ಮುಚ್ಚಳ ತೆಗೆದು, ಒಂಬತ್ತು ಅಡಿ ಐತಿ, ನಮ್ಮದು ಹಗೇವು ಎಂದು ತೋರಿಸಿದ. ಅದನ್ನು ತಾನೇ ಕಂಡುಹಿಡಿದವನ ಹಾಗೆ ಹೇಳಿದ. ಯಾರೂ ತಿದ್ದಲಿಲ್ಲ.

ಕೆಲಸ ಮುಗಿದ ಮೇಲೆ ಗಂಗಾಶ್ರೀ ಅಂತಿಮ ಪಟ್ಟಿಯನ್ನು ಆಫೀಸಿನ ಫೈಲಿಗೆ ಸೇರಿಸಿದಳು, ಮುಂದಿನವರಿಗೆ ಅಂದಾಜು ಮಾಡುವಾಗ ಬೇಕಾಗುತ್ತದೆಂದು. ಎಂಜಿನಿಯರ್ ಅದನ್ನು ಓದುತ್ತ ಒಂದು ಕಡೆ ಬೆರಳಿಟ್ಟ. ಮಣ್ಣು ಪರೀಕ್ಷೆ ಎಂಬಲ್ಲಿ 'ಬೇಡ' ಎಂದಿದ್ದುದನ್ನು ಹೊಡೆದು ಬರೆದಿತ್ತು: ಅಕ್ಕನಾಗಮ್ಮ, ಎದುರು ಮನೆ. ಬಾಯಿಕಲ್ಲು ಒಂದು. ಸಾಗಣೆ ಆರುನೂರು.

"ಇದೇನಮ್ಮ?"

"ಖರ್ಚು, ಸರ್," ಎಂದಳು.

ಯುಗಾದಿಗೆ ಆರು ದಿನ ಇರುವಾಗ ರೊಟ್ಟಿ ಮನೆಯ ಒಲೆಗಳನ್ನು ಹಚ್ಚಿದರು. ಮೊದಲ ಹಂಚಿನ ರೊಟ್ಟಿ ಇಳಿದಾಗ ಶಕುಂತಲಮ್ಮ ಎರಡನ್ನು ತಟ್ಟೆಗೆ ಹಾಕಿ, ಎಣ್ಣೆಗಾಯಿ ಬಡಿಸಿ, ಗಂಗಾಶ್ರೀಯ ಕೈಗೆ ಕೊಟ್ಟಳು. ಜೊತೆಗೆ ಒಂದು ಬಟ್ಟಲಲ್ಲಿ ಕೊಬ್ಬರಿ ಸಕ್ಕರೆ ಇತ್ತು. ಗುದ್ದಲಿ ಪೂಜೆಯ ದಿನದ್ದು ಬಾಕಿ ಇತ್ತಲ್ಲ ಎಂದಳು, ಹಿಟ್ಟಿನ ಕಡೆ ನೋಡುತ್ತಲೇ.

ಅಕ್ಕನಾಗಮ್ಮ ಹಿತ್ತಲಲ್ಲಿ ಬಾಯಿಕಲ್ಲಿನ ಮೇಲೆ ಸೀರೆ ಒಗೆಯುತ್ತಿದ್ದಳು. ಕೈ ಒರೆಸಿಕೊಂಡು ಕಲ್ಲಿನ ಅಂಚಿಗೆ ಕೂತು, ಮೊದಲು ಕೊಬ್ಬರಿ ಸಕ್ಕರೆಯನ್ನು ಅಷ್ಟೂ ಬಾಯಿಗೆ ಹಾಕಿಕೊಂಡಳು. ಆಮೇಲೆ ರೊಟ್ಟಿ ಮುರಿದಳು. ನಿಧಾನವಾಗಿ, ಬಾಯಿಯ ಒಂದೇ ಮಗ್ಗುಲಲ್ಲಿ ಅಗಿದಳು. ಗಂಗಾಶ್ರೀ ಕಾದಳು.

"ದಪ್ಪ ಐತಿ," ಎಂದಳು ಅಕ್ಕನಾಗಮ್ಮ. "ಇನ್ನಾ ಬಡೀಬೇಕು ಅಂತ ಹೇಳು ನಿಮ್ಮವ್ವಗ." ಇನ್ನೊಂದು ತುಂಡು ಮುರಿದುಕೊಂಡಳು.

ಗಂಗಾಶ್ರೀ ವಾಪಸ್ ಬಂದು ಹೇಳಿದಳು. ಹದಿನಾಲ್ಕು ವರ್ಷದಲ್ಲಿ ಶಕುಂತಲಮ್ಮನ ರೊಟ್ಟಿ ದಪ್ಪ ಎಂದವರು ಯಾರೂ ಇರಲಿಲ್ಲ. ಅವಳು ಕೈಯಲ್ಲಿದ್ದ ಉಂಡೆಯನ್ನು ನೋಡಿ, ಸ್ವಲ್ಪ ಹಿಟ್ಟು ಮುರಿದು ತೆಗೆದು, ಹಲಗೆಯ ಮೇಲಿಟ್ಟು ಬಡಿಯಲು ಶುರು ಮಾಡಿದಳು.

"ಹೊಸ ನೆಲ, ಹಲಗಿ ಇನ್ನಾ ಕುಂತಿಲ್ಲ," ಎಂದಳು. "ನಾಳಿ ತೆಳ್ಳಗ ಬರ್ತಾವು. ದಿನಾ ಎರಡು ಅವರಿಗೆ ತೆಗೆದಿಡು."

ಖಾನಾವಳಿಗಳಿಗೆ ಹೋಗುವುದು ಐದುನೂರೇ. ಅಂದಿನಿಂದ ಬಡಿಯುವುದು ಐದುನೂರಾ ಎರಡು.